ಗಿರಿಜತ್ತೆ ಹೇಳಿದ ಫೈನಲ್

ರೇಡಿಯೊ ರಿಪೇರಿ ಅಂಗಡಿಯ ಮುಂದೆ ಈಗಲೂ ನನ್ನ ಕಾಲು ನಿಧಾನವಾಗುತ್ತದೆ. ವಾಲ್ವು ಬಿಸಿಯೇರಿದಾಗ ಅದರ ಮೇಲಿನ ಧೂಳು ಸುಡುವ ಒಂದು ವಾಸನೆಯಿದೆ. ನಿಮ್ಮ ಮನೆಯಲ್ಲೂ ಹಳೆಯ ರೇಡಿಯೊ ಇದ್ದಿದ್ದರೆ ನಿಮಗೂ ಗೊತ್ತು. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಶನಿವಾರಸಂತೆ ಹತ್ತಿರದ ನಮ್ಮ ಮನೆಯ ಜಗಲಿ ಎದ್ದುಬರುತ್ತದೆ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಎಸ್ಟೇಟ್ ಬಿಟ್ಟುಹೋದ ದೊರೆಯೊಬ್ಬನಿಂದ ಚಿಕ್ಕಪ್ಪ ತಂದ ರೇಡಿಯೊ, ಅದಕ್ಕೆ ಲಾರಿಯ ಬ್ಯಾಟರಿ, ಸುತ್ತ ಅಜ್ಜ, ಅಪ್ಪ, ಚಿಕ್ಕಪ್ಪ, ಮತ್ತು ಅವರ ಜಗಳ. ಹೋದ ಮನೆಯನ್ನು ಸಿಹಿ ಮಾಡಿ ಬರೆಯುವುದು ವಾಡಿಕೆ. ಆ ಮನೆ ಹೋಯಿತೆಂಬ ಸಂಕಟ ನನಗೂ ಇದೆ. ಅದು ಒಳ್ಳೆಯ ಮನೆಯಾಗಿತ್ತು ಎಂದು ಮಾತ್ರ ನನ್ನಿಂದ ಹೇಳಿಸಬೇಡಿ.

ಅಪ್ಪನಿಗೆ ಕೊಡಗು ಮೈಸೂರಿಗೆ ಸೇರಬೇಕು, ಚಿಕ್ಕಪ್ಪನಿಗೆ ಸೇರಬಾರದು. ಕಲ್ಕತ್ತೆಯ ಎರಡು ಫುಟ್‌ಬಾಲ್ ಕ್ಲಬ್ಬುಗಳ ಹಗೆತನವನ್ನು ಪೇಪರಿನಲ್ಲಿ ಓದಿ ಅಪ್ಪ ಒಂದನ್ನು ಹಿಡಿದ; ಅದೇ ಕಾರಣಕ್ಕೆ ಚಿಕ್ಕಪ್ಪ ಇನ್ನೊಂದನ್ನು. ಇಬ್ಬರೂ ಫುಟ್‌ಬಾಲ್ ಕಂಡವರಲ್ಲ. ನಮ್ಮ ಕಡೆ ಏನಿದ್ದರೂ ಹಾಕಿ ಆಟ. ಆ ವರ್ಷ ಜಗಳಕ್ಕೆ ಇನ್ನೊಂದು ವಿಷಯ ಸಿಕ್ಕಿತು, ಗಿರಿಜತ್ತೆ. ಅವರಿಬ್ಬರ ತಂಗಿ, ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದವಳು. ಮೈಸೂರಿಗೆ ಹೋಗಿ ಟೀಚರ್ ಟ್ರೈನಿಂಗ್ ಮಾಡಬೇಕೆಂಬುದು ಅವಳ ಆಸೆ. ಚಿಕ್ಕಪ್ಪ ಹೂಂ ಎಂದ. ಅಪ್ಪ, ಎರಡು ಮಕ್ಕಳಿದ್ದ ಒಬ್ಬ ವಿಧುರನ ಸಂಬಂಧ ತಂದ. ಇಡೀ ಕೊಡಗನ್ನೇ ಮೈಸೂರಿಗೆ ಕೊಡಲು ತಯಾರಿದ್ದವನು ತಂಗಿಯೊಬ್ಬಳನ್ನು ಅಲ್ಲಿಗೆ ಕಳಿಸಲು ಒಪ್ಪಲಿಲ್ಲ.

ಕೇಳಿ ಕೇಳಿ ಸಾಕಾದ ಅಜ್ಜ ಒಂದು ಬೆಳಗ್ಗೆ ತೀರ್ಪು ಕೊಟ್ಟ. “ನೀವಿಬ್ರೂ ಸೋಲೋ ಪೈಕಿ ಅಲ್ಲ. ನಾಳೆ ನಿಮ್ಮ ಆ ಕಪ್ಪಿನ ಫೈನಲ್ ಅಲ್ವಾ? ಯಾರ ಕಡೆಯವ್ರು ಗೆಲ್ತಾರೋ ಅವನ ಮಾತು ನಡೀಲಿ. ಸಮ ಆದ್ರೆ ಬಂದ ಸಂಬಂಧ ಬಿಡೋದು ಬೇಡ.” ಚರ್ಚಾಕೂಟದಲ್ಲಿ ಮತ ಸಮವಾದರೆ ಗೊತ್ತುವಳಿ ಬಿದ್ದುಹೋಗುತ್ತದೆ. ನಮ್ಮ ಜಗಲಿಯ ನಿಯಮ ಬೇರೆ.

ಕಾಮೆಂಟರಿ ಇಂಗ್ಲಿಷಿನಲ್ಲಿ. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಅತ್ತೆಯೊಬ್ಬಳಿಗೇ. ಹಾಗಾಗಿ ತನ್ನ ಹಣೆಬರಹವನ್ನು ತಾನೇ ಕನ್ನಡ ಮಾಡಿ ಹೇಳುವ ಕೆಲಸ ಅವಳ ಪಾಲಿಗೆ ಬಂತು. ಕೊರಕೊರ ಸದ್ದಿನ ನಡುವೆ ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಹೇಳುತ್ತಲೇ ಹೋದಳು: ಬಲಗಡೆಯಿಂದ ಓಡ್ತಿದಾನೆ, ಒಬ್ಬನ್ನ ದಾಟಿದ, ಒದ್ದ, ಗೋಲ್‌ಕೀಪರ್ ಹಿಡ್ಕೊಂಡ. “ಸರಿಯಾಗಿ ಕೇಳೇ, ಹಿಡ್ಕೊಂಡ್ನಾ, ಬಿಟ್ನಾ?” ಎಂದು ಅಪ್ಪ. “ನಿನ್ನ ಕಡೆಯವ್ನು ಒದ್ರೆ ಯಾರು ಬೇಕಾದ್ರೂ ಹಿಡೀತಾರೆ ಬಿಡಣ್ಣ,” ಎಂದು ಚಿಕ್ಕಪ್ಪ. ಅಜ್ಜ ಬಾಯೊಳಗಿನ ಎಲೆಅಡಿಕೆ ಜಗಿಯುವುದನ್ನೂ ಮರೆತಿದ್ದ. ಕೊನೆಗೆ ಅತ್ತೆ ಹೇಳಿದಳು: “ಒಂದೊಂದು ಗೋಲು. ಸಮ.” ಮತ್ತೆ ಪೆಟ್ಟಿಗೆಗೆ ಕಿವಿ ಹಚ್ಚಿ, “ನಾಳಿದ್ದು ಇನ್ನೊಂದ್ಸಲ ಆಡ್ತಾರಂತೆ.”

ಅಪ್ಪ ನಕ್ಕ. “ಎಲ್ಲಾದ್ರೂ ಉಂಟೇನೇ ಮುಗಿದ ಆಟ ಮತ್ತೆ ಆಡೋದು? ಟ್ರೈನಿಂಗಿಗೆ ಹೋಗೋ ಆಸೆಗೆ ಕತೆ ಕಟ್ಬೇಡ.” ಚಿಕ್ಕಪ್ಪನೂ ಸೋತವನಂತೆ ಬ್ಯಾಟರಿಯ ತಂತಿ ಬಿಚ್ಚಿದ. ಆಟ ಮುಗಿಯುವವರೆಗೆ ಅವಳ ಪ್ರತಿ ಮಾತನ್ನೂ ನಂಬಿದ ಗಂಡಸರು, ಅವಳಿಗೆ ಅನುಕೂಲವಾಗಿದ್ದ ಒಂದೇ ಒಂದು ವಾಕ್ಯವನ್ನು ನಂಬಲಿಲ್ಲ. ಮರುದಿನ ಬೆಳಗ್ಗೆ ಬೀಗರು ಬಂದು ವೀಳ್ಯ ಬದಲಾಯಿಸಿದರು. ವೀಳ್ಯ ಕೈ ಬದಲಾದ ಮೇಲೆ ಮಾತು ತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಲ್ಕು ದಿನ ಕಳೆದು ಬಸ್ಸಿನಲ್ಲಿ ಪೇಪರ್ ಬಂತು: ಮತ್ತೆ ಆಡಿದ್ದರು, ಚಿಕ್ಕಪ್ಪನ ಕಡೆಯವರು ಗೆದ್ದಿದ್ದರು. ಅಜ್ಜ ಪೇಪರನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡ. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು, ಆಮೇಲೆ ಒಲೆ ಎರಡಾಯಿತು, ಆಮೇಲೆ ಗೋಡೆ. ಕೊಡಗು ಮೈಸೂರಿಗೆ ಸೇರುವ ಹೊತ್ತಿಗೆ ಆ ಜಗಲಿಯೇ ಇರಲಿಲ್ಲ.

ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದ ಜಂಬದಲ್ಲಿ ಒಮ್ಮೆ ಅತ್ತೆಯ ಮನೆಗೆ ಹೋದೆ. ಅವಳು ಕಣದಲ್ಲಿ ಕಾಫಿ ಹರವುತ್ತಿದ್ದಳು. “ಇಂಗ್ಲಿಷ್ ಗೊತ್ತಿದ್ದದ್ದು ನಿನಗೊಬ್ಬಳಿಗೇ. ಚಿಕ್ಕಪ್ಪನ ಕಡೆಗೆ ಇನ್ನೊಂದು ಗೋಲು ಹಾಕಿಬಿಡೋಕೆ ಏನಾಗಿತ್ತು?” ಎಂದು ಕೇಳಿದೆ.

“ಹಾಕ್ಬಹುದಿತ್ತು ಕಣೇ,” ಎಂದಳು. “ಅವತ್ತು ಹೊಳೀಲೇ ಇಲ್ಲ. ಅವ್ರು ಆಡೋದು, ನಾನು ಹೇಳೋದು, ನಿಮ್ಮಪ್ಪ ಉಸಿರು ಹಿಡ್ಕೊಂಡು ಕೇಳೋದು. ನನ್ನ ಮಾತನ್ನ ಅಷ್ಟು ಹೊತ್ತು ಇನ್ಯಾವತ್ತು ಕೇಳಿದ್ರು ಹೇಳು.”



ಹೋದ ವರ್ಷ ಅತ್ತೆ ತೀರಿಕೊಂಡಳು. ಮಣ್ಣು ಕೊಟ್ಟು ಬಂದು ಎಲ್ಲರೂ ಕೂತಿದ್ದಾಗ ಹಿರಿಯರೊಬ್ಬರು, “ಒಂದು ದಿನವೂ ಹೆಚ್ಚಿಗೆ ಮಾತಾಡಿದ ಹೆಂಗಸಲ್ಲ,” ಎಂದು ಹೊಗಳಿದರು. ಅಪ್ಪ ಹೌದೆಂದು ತಲೆಯಾಡಿಸಿದ. ಎದ್ದು ನಿಂತು ಅಲ್ಲ ಎನ್ನಬೇಕಿತ್ತು, ನಾನು. ಅನ್ನಲಿಲ್ಲ.