ತಗಡಿನ ಡಬ್ಬಿಯೊಳಗಿನ ಎದೆ

ಅಂದು ಮುಂಜಾನೆ ಅಂಗಳ ಸಾರಿಸಿ ರಂಗೋಲಿ ಎಳೆದೆ. ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದೆ. ಅತ್ತೆಗೆ ಚಹಾ ಕೊಟ್ಟೆ, ಜೋಳದ ಹಿಟ್ಟು ಸೋಸಿದೆ, ಮೆಂತ್ಯದ ಸೊಪ್ಪು ಬಿಡಿಸಿಟ್ಟೆ, ಧೋತರ ಹಿಂಡಿ ಹಗ್ಗಕ್ಕೆ ಹಾಕಿದೆ. ಯಜಮಾನರ ಗುಳಿಗೆಗಳನ್ನು ಬಟ್ಟಲಲ್ಲಿಟ್ಟೆ. ಕೊನೆಗೆ ಗೋಡೆಯ ಗೂಡಿನಲ್ಲಿದ್ದ ತಗಡಿನ ಡಬ್ಬಿಯನ್ನು ಸೆರಗಿನಿಂದ ಒರೆಸಿ ಕೈಚೀಲಕ್ಕೆ ಹಾಕಿದೆ. ಅದರಲ್ಲಿ ಯಜಮಾನರ ಎದೆ ಇತ್ತು.

ಎದೆ ಎಂದರೆ ಎದೆಯ ಫಿಲ್ಮು. ಎಂಬತ್ತರ ದಶಕದ ಮಾತು ಇದು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸದ ಮೇಲಿದ್ದಾಗಲೇ ಅವರಿಗೆ ಹೃದಯಾಘಾತವಾಗಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಅಲ್ಲಿಯ ಡಾಕ್ಟರು ಮುಂಬಯಿಗೆ ಕಳಿಸಿದರು. ಮುಂಬಯಿಯಲ್ಲಿ ತೊಡೆಯಿಂದ ಸಣ್ಣ ನಳಿಕೆ ತೂರಿಸಿ, ಔಷಧ ಬಿಟ್ಟು, ಬಡಿಯುವ ಎದೆಯ ಚಿತ್ರ ತೆಗೆದು, ಸುರುಳಿಯನ್ನು ಡಬ್ಬಿಗೆ ಹಾಕಿ ಕೊಟ್ಟರು. ಜೊತೆಗೆ ಹೇಳಿದ್ದು ಇಷ್ಟು: ಒಂದು ರಕ್ತನಾಳ ಪೂರ್ತಿ ಮುಚ್ಚಿದ್ದರಿಂದ ಆಘಾತವಾಯಿತು, ಆದರೆ ಇನ್ನೆರಡು ಕೂಡ ಕಿರಿದಾಗಿವೆ. ನೋವಿಲ್ಲವೆಂದು ಅವನ್ನು ಬಿಡುವಂತಿಲ್ಲ. ಕಾಲಿನ ರಕ್ತನಾಳ ತೆಗೆದು ಎದೆಯಲ್ಲಿ ಸುತ್ತುದಾರಿ ಹೊಲಿಯಬೇಕು. ಮತ್ತೊಂದು ಆಘಾತವನ್ನು ಆ ಎದೆ ತಾಳಲಾರದು.

ಯಜಮಾನರು ಒಲ್ಲೆನೆಂದರು.

ಕಾರ್ಖಾನೆಯಲ್ಲಿ ಭಟ್ಟಿಯಿಂದ ಇಳಿದ ಹಂಚುಗಳನ್ನು ಬೆರಳ ಗೆಣ್ಣಿನಿಂದ ಬಡಿದು ಆರಿಸುವುದು ಅವರ ಕೆಲಸ. ಕಂಚಿನಂತೆ ಮಿಡಿದರೆ ಗಟ್ಟಿ. ಮೊದ್ದು ಸಪ್ಪಳ ಬಂದರೆ ಕಣ್ಣಿಗೆ ಕಾಣದಿದ್ದರೂ ಒಳಗೆ ಸೀಳಿದೆ ಎಂದೇ ಅರ್ಥ. ಆಸ್ಪತ್ರೆಯಿಂದ ಬಂದ ಮೇಲೆ ದಿನವೂ ಲಿಂಗಪೂಜೆ ಮುಗಿಸಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬದಿಗೆ ಸರಿಸಿ, ಅದೇ ಗೆಣ್ಣಿನಿಂದ ಎದೆಯನ್ನು ಬಡಿದು ಕಿವಿಗೊಡುತ್ತಿದ್ದರು.

"ಸಪ್ಪಳ ಚೊಲೋ ಐತಿ. ಎಲ್ಲೂ ಸೀಳಿಲ್ಲ."

"ಯಾಕ, ನೀವೇನ್ ಹಂಚ್ ಏನ್ರಿ?" ಎಂದೆ.

"ಹಂಚು ಸುಳ್ಳ ಹೇಳಂಗಿಲ್ಲ. ಡಾಕ್ಟರು ಹೇಳ್ತಾರ."

ಆ ಬಡಿಯುವಿಕೆ ಎದೆಯಲ್ಲೇ ನಿಲ್ಲಲಿಲ್ಲ. ಹೊಸ್ತಿಲು ದಾಟುವಾಗ ಚೌಕಟ್ಟು ಬಡಿದರು. ಊಟಕ್ಕೆ ಕೂತಾಗ ತಂಬಿಗೆ ಬಡಿದರು. ಒಂದು ಸಂಜೆ ನಾನು ಬಗ್ಗಿ ಅಕ್ಕಿ ಆರಿಸುತ್ತಿದ್ದಾಗ ಹಿಂದಿನಿಂದ ಬಂದು ನನ್ನ ಬೆನ್ನು ಬಡಿದು, ತಲೆ ವಾಲಿಸಿ ಕೇಳಿದರು. ಆಮೇಲೆ ಹೊರಗೆ ಹೋದರು. ಏನು ಕೇಳಿಸಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಡಬ್ಬಿಯೂ ಸುಮ್ಮನಿರುತ್ತಿರಲಿಲ್ಲ. ಮಧ್ಯಾಹ್ನ ಮಾಡಿನ ಗಾಜಿನ ಹಂಚಿನಿಂದ ಬಿಸಿಲಿನ ಕೋಲು ಗೂಡಿಗೆ ಬಿದ್ದಾಗ ಅದು ಟಕ್ ಎನ್ನುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಕಾದ ತಗಡು ಹಾಗೆ ಸದ್ದು ಮಾಡುತ್ತದೆ, ಗೊತ್ತಿಲ್ಲದ್ದೇನಲ್ಲ. ಆದರೂ ಅವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವರದೇ ಗೆಣ್ಣಿನ ಸಪ್ಪಳ ಗೂಡಿನೊಳಗಿಂದ ಬಂದರೆ ಕೈಯಲ್ಲಿದ್ದ ಮೊರ ತಾನಾಗಿ ನಿಲ್ಲುತ್ತಿತ್ತು. ಕೆಳಗಿಡೋಣವೆಂದರೆ ಅತ್ತೆ ಬಿಡಲಿಲ್ಲ.

"ನೆಲಕ್ಕ ಇಡಬ್ಯಾಡ ನಮ್ಮವ್ವ. ನನ್ನ ಮಗನ ಎದಿ ಐತಿ ಅದರಾಗ," ಎಂದು ಡಬ್ಬಿಗೇ ವಿಭೂತಿ ಬಳಿದರು.

ಕಡೆಗೆ ಬೆಳಗಾವಿಯ ಡಾಕ್ಟರು, ಫಿಲ್ಮು ತೋರಿಸುವ ಯಂತ್ರ ಸಿಕ್ಕಿದೆ, ಒಮ್ಮೆ ಕಣ್ಣಾರೆ ನೋಡಿ ಆಮೇಲೆ ಒಲ್ಲೆ ಅನ್ನಿರಿ ಎಂದು ಹೇಳಿ ಕಳಿಸಿದರು. ಅದಕ್ಕೇ ಅಂದು ಹೊರಟದ್ದು. ಬಸ್ಸಿನಲ್ಲಿ ಬಾಜೂಕ್ಕೆ ಕೂತಿದ್ದವನು ಚೀಲದಿಂದ ಇಣುಕುತ್ತಿದ್ದ ಡಬ್ಬಿ ನೋಡಿ, "ಯಾವ ಪಿಕ್ಚರ್ ರೀ? ಯಾವ ಟಾಕೀಜಿಗೆ?" ಎಂದ.

"ನಾನಽ ಹೀರೋ," ಎಂದರು ಯಜಮಾನರು. "ಒಂದಽ ಆಟ."

ಅವನು ನಕ್ಕ. ನಾನು ಕಿಟಕಿಯಾಚೆ ನೋಡಿದೆ.

ಡಾಕ್ಟರ ಕೋಣೆಯ ಕಿಟಕಿಗಳಿಗೆ ಚಾದರ ಹೊದಿಸಿದ್ದರು. ಹಗಲಿನಲ್ಲೇ ಕತ್ತಲೆ. ಯಂತ್ರ ಗರಗರ ತಿರುಗಿತು. ಸುಣ್ಣದ ಗೋಡೆಯ ಮೇಲೆ ಬೂದು ಬೆಳಕು ಬಿತ್ತು, ಅದರೊಳಗೆ ಎಲ್ಲಿಂದಲೋ ಒಂದು ಕಪ್ಪು ಕೊಂಬೆ ಚಿಗುರಿ ಕವಲೊಡೆಯಿತು, ನುಲಿಯಿತು, ಕರಗಿತು. ಮತ್ತೆ ಚಿಗುರಿತು. ಒಂದು ಕವಲು ಕಡಿದಂತೆ ಮೊಂಡಾಗಿತ್ತು. ಎರಡು ಕವಲುಗಳು ನಡುವೆ ಯಾರೋ ಚಿವುಟಿ ಹಿಡಿದಂತೆ ಕೂದಲೆಳೆಯಾಗಿದ್ದವು. ನನ್ನ ಪಕ್ಕದಲ್ಲಿ ಉಸಿರಾಡುತ್ತ ಕೂತವರ ಎದೆ ಎದುರಿನ ಗೋಡೆಯಲ್ಲಿ ಬಡಿಯುತ್ತಿತ್ತು.

"ಸಪ್ಪಳ ಯಾಕಿಲ್ರಿ ಇದಕ್ಕ?" ಎಂದು ಯಜಮಾನರು ಕೇಳಿದರು.

"ಇದರಾಗ ಸಪ್ಪಳ ಬರೂದಿಲ್ರಿ."

ಯಜಮಾನರು ಎದ್ದು ಗೋಡೆಯ ಕಡೆ ನಡೆದರು. ಅವರ ಬಿಳಿ ಅಂಗಿಯ ಬೆನ್ನ ಮೇಲೆ ಆ ಕೊಂಬೆ ಹತ್ತಿಕೊಂಡಿತು. ಚಿಗುರುತ್ತಿತ್ತು, ಕರಗುತ್ತಿತ್ತು. ಅದು ಅವರಿಗೆ ಕಾಣುವಂತಿರಲಿಲ್ಲ, ನನಗೆ ಕಾಣುತ್ತಿತ್ತು. ಅವರು ಒಂದಿಷ್ಟು ಬದಿಗೆ ಸರಿದು, ಕಿರಿದಾದ ಕವಲನ್ನು ಗೆಣ್ಣಿನಿಂದ ಬಡಿದರು. ಟಕ್. ಎರಡನೆಯದನ್ನು ಬಡಿದರು. ಟಕ್. ಆಮೇಲೆ ಆ ಮೊಂಡು ಕವಲನ್ನು ಬಡಿದು ಬಹಳ ಹೊತ್ತು ಕಿವಿಗೊಟ್ಟು ನಿಂತರು.

"ಇದು ಪೂರಾ ಬಂದಾಗೇದಲ್ಲರಿ?"

"ಹೌದ್ರಿ. ಅಟ್ಯಾಕ್ ಆದಾಗಿಂದ ಬಂದಽ."

"ದಿನಾ ಮುಂಜಾನೆ ಬಡದು, ಎಲ್ಲಾ ಚೊಲೋ ಐತಿ ಅಂತಿದ್ನಿ," ಎಂದರು ಗೋಡೆಯ ಕಡೆ ಮುಖ ಮಾಡಿಯೇ. "ಆವಾಗ ಈ ಸತ್ತ ಕವಲೂ ಚೊಲೋ ಅಂತಽ ಸಪ್ಪಳ ಕೊಟ್ಟಿತ್ತು."

ಸುರುಳಿ ಮುಗಿದು ಅದರ ಬಾಲ ಪಟಪಟ ಬಡಿಯತೊಡಗಿತು. ಗೋಡೆ ಬರೀ ಬಿಳಿಯಾಯಿತು. ಅವರು ಕೈ ಕೆಳಗಿಳಿಸಿ ಬಂದು ಕೂತರು.

"ಮುಂಬೈಗೆ ಯಾವಾಗ ಹೋಗಬೇಕ್ರಿ?"

ಸಂಜೆಯ ಬಸ್ಸಿಗೆ ಮನೆಗೆ ಬಂದೆವು. ಚೌಕಟ್ಟು ಬಡಿಯದೆ ಒಳಗೆ ಬಂದರು. ಅತ್ತೆ ಮಗನ ಮುಖ ನೋಡಿ, "ಏನ್ ಕಂಡಿ?" ಎಂದರು.

"ಎದಿ ಕಂಡ್ನವ್ವಾ. ಆಪರೇಶನ್ ಮಾಡಿಸ್ಕೋತೀನಿ."

ಅತ್ತೆ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಗೂಡಿನಲ್ಲಿಟ್ಟರು.

ಊಟಕ್ಕೆ ರೊಟ್ಟಿ, ಮೆಂತ್ಯದ ಪಲ್ಯ, ಅವರಿಗೆ ಉಪ್ಪಿಲ್ಲದ ಬೇಳೆ, ಮಜ್ಜಿಗೆ. ತಂಬಿಗೆಯನ್ನು ಯಾರೂ ಬಡಿಯಲಿಲ್ಲ. ಮೊದಲು ಮಲಗಿದವರು ಅವರೇ, ಗೆಣ್ಣು ಮಡಿಚಿದ ಕೈ ಎದೆಯ ಮೇಲಿಟ್ಟುಕೊಂಡು. ಅತ್ತೆ ಮತ್ತು ನಾನು ದೀಪ ಸಣ್ಣದು ಮಾಡಿ ಕೂತೆವು. ಇಬ್ಬರೂ ಕಿವಿಗೊಟ್ಟಿದ್ದೆವು. ಗೂಡಿನ ಕಡೆಗೋ ಹಾಸಿಗೆಯ ಕಡೆಗೋ ಎಂದು ನಾನೂ ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.