ಕಡಿಮೆ ಕಾಣುವ ಕ್ಯಾಮೆರಾ

ಆ ದಿನ ಸಾಗರದ ನಮ್ಮ ಸ್ಟುಡಿಯೋದಲ್ಲಿ ನಾಲ್ಕು ಜನ ಇದ್ದೆವು. ನಾನು, ಕಂಪ್ಯೂಟರಿನ ಮುಂದೆ ನನ್ನ ಗಂಡ, ಬೆಳಿಗ್ಗೆ ತಾಳಗುಪ್ಪದ ರೈಲಿನಲ್ಲಿ ಬೆಂಗಳೂರಿನಿಂದ ಬಂದಿಳಿದ ಕ್ಯಾಮೆರಾ ಡೀಲರ್ ಕಡೆಯ ಒಬ್ಬರು, ಮತ್ತೆ ಪಾಸ್‌ಪೋರ್ಟ್ ಫೋಟೋಗೆ ಕೂರಿಸುವ ಸ್ಟೂಲಿನ ಮೇಲೆ, ಮಡಿಲಲ್ಲಿ ಬಟ್ಟೆಯ ಗಂಟೊಂದನ್ನು ಅವುಚಿಕೊಂಡು, ನಮ್ಮೂರಿನ ಹಿರಿಯ ಕೆತ್ತನೆಯವರು. ಇವರು ನಮ್ಮಪ್ಪನ ಸ್ನೇಹಿತರು. ಹಾಗಾಗಿ ನನಗೆ ಮೊದಲಿನಿಂದಲೂ ಮಾವ. ಸ್ಟುಡಿಯೋ ಅಪ್ಪನಿಂದ ನನಗೆ ಬಂದಂತೆ ಮಾವನೂ ಅದರ ಜೊತೆಗೇ ಬಂದರು ಅನ್ನಬೇಕು.

ಬಂದಿದ್ದ ಕೆಲಸ ಇಷ್ಟು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಹಳೆಯ ಮರಗೆತ್ತನೆಗಳ ಮೇಲೆ ಒಂದು ದೊಡ್ಡ ಪುಸ್ತಕ ಆಗಬೇಕಿತ್ತು. ಫೋಟೋ ನನ್ನದು. ಎರಡು ಪುಟದ ಅಗಲಕ್ಕೆ ಹಿಗ್ಗಿಸಿದರೂ ಒಂದು ಗೆರೆ ಮಸುಕಾಗಬಾರದು ಅಂತ ಪುಸ್ತಕ ಮಾಡುವವರು ಹೇಳಿದ್ದರಿಂದ ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾ ಕೊಳ್ಳುವ ಯೋಚನೆ ಮಾಡಿದ್ದೆ. ಮದುವೆ ಮನೆಗೆ ಒಯ್ಯುವ ಕ್ಯಾಮೆರಾಗಿಂತ ಇದರಲ್ಲಿ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು. ಅಪ್ಪ ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಿದ್ದ ಪೆಟ್ಟಿಗೆ ಕ್ಯಾಮೆರಾದ ವಂಶವೇ. ಫಿಲಂ ರೋಲು ಹೋಗಿದೆ ಅಷ್ಟೆ. ಒಂದು ಸಲ ಒಂದು ಕಂಪನಿಗೆ ಕಾಲಿಟ್ಟರೆ ಲೆನ್ಸು, ಬ್ಯಾಟರಿ, ರಿಪೇರಿ ಎಲ್ಲಕ್ಕೂ ಅವರ ಬಾಗಿಲೇ ಗತಿ. ಹೆಣ್ಣು ಕೊಟ್ಟು ತರುವ ಸಂಬಂಧದ ಹಾಗೆ, ವಿಚಾರಿಸದೆ ಒಪ್ಪುವುದಲ್ಲ.

ಆದರೆ ಯಾರ ಮನೆಯ ತೊಲೆಯಲ್ಲಿ ಯಾವ ಕೆತ್ತನೆ ಇದೆ ಅನ್ನುವುದು ಗೊತ್ತಿದ್ದದ್ದು ಮಾವನಿಗೆ ಮಾತ್ರ. ನಲವತ್ತು ವರ್ಷ ಅವನ್ನೆಲ್ಲ ರಿಪೇರಿ ಮಾಡಿದವರು. ಅವರು ಜೊತೆಗೆ ಬರದಿದ್ದರೆ ಆ ಮನೆಗಳವರು ಬಾಗಿಲು ತೆಗೆಯುವುದಿಲ್ಲ. ಬಾಗಿಲು ತೆಗೆಯದಿದ್ದರೆ ಪುಸ್ತಕ ಇಲ್ಲ. ಮಾವ ಒಂದೇ ಮಾತು ಹೇಳಿದ್ದರು: ‘ಆ ಯಂತ್ರ ಎಷ್ಟು ಕಾಣ್ತದೆ ಅಂತ ಮೊದ್ಲು ನಾನು ನೋಡ್ಬೇಕು. ಆಮೇಲೆ ಬರೋದು ಬಿಡೋದು.’

ಡೀಲರ್ ಕಡೆಯವರು ಎರಡು ಕ್ಯಾಮೆರಾ ತಂದಿದ್ದರು. ಒಂದು ಐವತ್ತು ಮೆಗಾಪಿಕ್ಸೆಲ್‌ನದು, ಇನ್ನೊಂದು ನೂರರದು.

‘ಬಿಚ್ಚಿ ಮಾವ, ಎರಡ್ರಲ್ಲೂ ಒಂದೊಂದು ತೆಗ್ದು ನೋಡಾಣ’ ಅಂದೆ.

‘ಎರಡೆರಡು ಸಲ ಕಳ್ಕೊಳಕ್ಕೆ ನಂಗೇನು ತಲೆ ಕೆಟ್ಟಿದ್ಯಾ ಮಾರಾಯ್ತಿ’ ಅನ್ನುತ್ತಲೇ ಗಂಟು ಬಿಚ್ಚಿದರು.

ಒಳಗಿದ್ದದ್ದು ಶ್ರೀಗಂಧದ ಪೆಟ್ಟಿಗೆಯ ಮುಚ್ಚಳ. ನವಿಲು, ಅದರ ಸುತ್ತ ಬಳ್ಳಿ. ಕೆತ್ತಿದ್ದು ಮಾವ, ಚಿತ್ತಾರ ಕೂಡಿಸಿದ್ದು ಅವರ ಅಜ್ಜ. ಅವರ ಮನೆಯವರ ಕೈ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕೆಲವು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಯಾರೋ ಫೋನಿನಲ್ಲಿ ಇದರ ಫೋಟೋ ಹೊಡೆದುಕೊಂಡು ಹೋಗಿದ್ದರು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಜೋಗದ ಒಂದು ಅಂಗಡಿಯಲ್ಲಿ ಅದೇ ನವಿಲು ಸಾಲಾಗಿ ಕೂತಿತ್ತು. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ತಾನೇ ಮರ ಕೊರೆಯುವ ಯಂತ್ರದ ಕೆಲಸ. ಮಾವ ಅಲ್ಲಿಗೆ ಹೋಗಿ ಒಂದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಇಟ್ಟು ಬಂದವರು ಎರಡು ದಿನ ಉಳಿ ಮುಟ್ಟಿರಲಿಲ್ಲವಂತೆ.

ಎರಡೂ ಫೋಟೋ ಪರದೆಯ ಮೇಲೆ ಅಕ್ಕಪಕ್ಕ ಬಂದವು. ನನ್ನ ಗಂಡ ನೂರರದನ್ನು ಹಿಗ್ಗಿಸುತ್ತಾ ಹೋದರು. ನವಿಲಿನ ಕುತ್ತಿಗೆ ಬಂತು, ಕಣ್ಣು ಬಂತು, ಕಣ್ಣಿನ ಸುತ್ತ ಉಳಿಯ ಒಂದೊಂದು ಗೀರೂ ಬಂತು. ಡೀಲರ್ ಕಡೆಯವರು ಹೆಮ್ಮೆಯಿಂದ ಮಾವನ ಮುಖ ನೋಡಿದರು.

‘ಇದು ಬ್ಯಾಡ’ ಅಂದರು ಮಾವ.

‘ಯಾಕೆ ಸರ್? ಎಷ್ಟು ಡೀಟೇಲ್ ಇದೆ ನೋಡಿ.’

‘ಅದಕ್ಕೇ ಬ್ಯಾಡ. ಫೋನಲ್ಲಿ ತೆಗ್ದದ್ದಕ್ಕೇ ನವಿಲು ಹೋಯ್ತು. ಇದಕ್ಕೆ ನಾನು ಉಳಿ ಎತ್ಲಾಗೆ ವಾರೆ ಮಾಡ್ತೀನಿ ಅಂತಾನೂ ಗೊತ್ತು.’ ಐವತ್ತರ ಕಡೆ ಗದ್ದ ತೋರಿಸಿದರು. ‘ಅದು ವಾಸಿ. ಅದಕ್ಕಿಂತ ಕಮ್ಮಿ ಕಾಣೋದು ಇದ್ರೆ ಇನ್ನೂ ಒಳ್ಳೇದು.’

ಹೆಚ್ಚು ಕಾಣುತ್ತದೆ ಅಂತಲೇ ಇಷ್ಟು ವರ್ಷ ಮಾರಿಕೊಂಡು ಬಂದ ಮನುಷ್ಯ ಮಾವನನ್ನೊಮ್ಮೆ, ಕ್ಯಾಮೆರಾವನ್ನೊಮ್ಮೆ ನೋಡಿದರು. ಟೀ ಲೋಟ ಎತ್ತಿಕೊಂಡರು. ಅದು ಆಗಲೇ ಖಾಲಿಯಾಗಿತ್ತು.

‘ನಂದೂ ಐವತ್ತಕ್ಕೇ ಓಟು’ ಅಂದರು ನನ್ನ ಗಂಡ. ‘ಆ ದೊಡ್ಡದ್ರ ಒಂದು ಫೈಲ್ ತೆರೆಯೋವಷ್ಟ್ರಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ದೋಸೆ ತಿಂದು ಬರ್ಬಹುದು.’

‘ಅಳಿಯಂದ್ರು ದೋಸೆ ಲೆಕ್ಕದಲ್ಲೇ ಇರ್ತಾರೆ’ ಅಂದರು ಮಾವ, ನಗದೆ.

ನನಗೆ ಒಳಗೊಳಗೇ ಸಿಟ್ಟು. ನನಗೆ ಬೇಕಿದ್ದದ್ದು ನೂರರದು. ಆದರೆ ಸಂಶಯ ಅನ್ನುವುದು ನೆಗಡಿಯ ಹಾಗೆ. ಒಬ್ಬರ ಪಕ್ಕ ಕೂತರೆ ಇನ್ನೊಬ್ಬರಿಗೆ ಬರುತ್ತದೆ. ಈ ಮನುಷ್ಯ ಒಂದೇ ಒಂದು ಸ್ಟುಡಿಯೋಗೆ ಡೆಮೊ ಕೊಡಲು ರಾತ್ರಿಯಿಡೀ ರೈಲಿನಲ್ಲಿ ಕೂತು ಇಲ್ಲಿಯವರೆಗೆ ಬರುವುದುಂಟೆ? ಕೇಳಿದ್ದಕ್ಕೆ, ಜೋಗವನ್ನೂ ನೋಡಿದ ಹಾಗಾಗುತ್ತದೆ ಅಂದರು. ಜೋಗ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ಮುಚ್ಚಳವನ್ನು ಗಂಟಿಗೆ ಸೇರಿಸಿಬಿಟ್ಟರು.

ಎರಡೂ ಕ್ಯಾಮೆರಾದಿಂದ ಮೆಮೊರಿ ಕಾರ್ಡು ಹೊರಗೆಳೆದು ಡೀಲರ್ ಕಡೆಯವರು ನನ್ನ ಕೈಗಿಟ್ಟರು. ‘ತಗೊಳ್ಳಿ ಮೇಡಂ, ಫೋಟೋ ಎಲ್ಲ ನಿಮ್ಮ ಹತ್ರಾನೇ ಇರಲಿ.’

‘ಇನ್ನೊಂದು?’ ಅಂದರು ಮಾವ.

‘ಯಾವುದು ಸರ್?’

‘ಆ ದೊಡ್ಡ ಕ್ಯಾಮೆರಾದ ಪಕ್ಕದ ಮುಚ್ಚಳ ತೆಗ್ದಾಗ ಗೂಡು ಎರಡು ಕಂಡ್ವಪ್ಪ. ತೆಗ್ದದ್ದು ಒಂದ್ರಿಂದ.’

ಹೌದಲ್ಲ! ಇಂಥ ಕ್ಯಾಮೆರಾಗಳಲ್ಲಿ ಎರಡು ಕಾರ್ಡ್ ಹಾಕುವ ಜಾಗ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಅದೇ ಚಿತ್ರ ಎರಡರಲ್ಲೂ ಕೂರುತ್ತದೆ. ಹುಟ್ಟಿದಾಗಿನಿಂದ ಕ್ಯಾಮೆರಾ ಹಿಡಿದವಳು ನಾನು, ನನಗೆ ಹೊಳೆದಿರಲಿಲ್ಲ. ‘ಅಯ್ಯೋ, ಅದು ಬ್ಯಾಕಪ್, ಮರೆತೇ ಹೋಯ್ತು’ ಅಂದರು ಅವರು. ಅಳಿಸಿ ಕೊಡುತ್ತೇನೆ ಅಂದರು. ಅಳಿಸಿದ್ದನ್ನು ಮತ್ತೆ ಎಬ್ಬಿಸಬಹುದು ಅಂತ ನನ್ನ ಗಂಡ ಹೇಳಿ, ನಮ್ಮ ಸ್ಟುಡಿಯೋದಲ್ಲಿದ್ದ ಹೊಸ ಕಾರ್ಡೊಂದರ ಪ್ಯಾಕ್ ಒಡೆದು ಅವರಿಗೆ ಕೊಟ್ಟು, ಹಳೆಯದನ್ನು ಇಟ್ಟುಕೊಂಡರು. ಅವರು ನಿಜವಾಗಿ ಮರೆತಿದ್ದರೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮುಖ ಕೆಂಪಾಗಿದ್ದದ್ದು ನಾಚಿಕೆಗೂ ಇರಬಹುದು, ಅವಮಾನಕ್ಕೂ ಇರಬಹುದು.

ಕೊನೆಗೆ ಒಂದು ಒಪ್ಪಂದವಾಯಿತು. ಮಾರನೇ ದಿನ ಎರಡೂ ಕ್ಯಾಮೆರಾ ಹಿಡಿದು ತೀರ್ಥಹಳ್ಳಿಗೆ ಹೋಗುವುದು, ಅಲ್ಲಿ ಒಂದು ಮನೆಯಲ್ಲಿ ತೆಗೆದು ನೋಡುವುದು, ಐವತ್ತರದು ಸಾಲುತ್ತದೆ ಅಂತ ಕಂಡರೆ ನಾನು ಐವತ್ತರದನ್ನೇ ಕೊಳ್ಳುವುದು. ಕಾರಿನಲ್ಲಿ ಮಾವ ಡೀಲರ್ ಕಡೆಯವರನ್ನು ಮುಂದೆ ಕೂರಿಸಿ, ಕ್ಯಾಮೆರಾ ಚೀಲಗಳನ್ನು ತಮ್ಮ ಕಾಲ ಬಳಿ ಇಟ್ಟುಕೊಂಡರು. ಹೊಸನಗರದಲ್ಲಿ ಟೀಗೆ ನಿಲ್ಲಿಸಿದಾಗಲೂ ಇಳಿಯಲಿಲ್ಲ. ಕಿಟಕಿಯಿಂದಲೇ ಕೈ ಚಾಚಿ ಲೋಟ ತೆಗೆದುಕೊಂಡರು.

ತೀರ್ಥಹಳ್ಳಿಯ ಆ ಮನೆಯ ಯಜಮಾನಿ ಟೀಚರ್ ಆಗಿ ನಿವೃತ್ತರಾದವರು. ಅವರ ಸಂಶಯದ ಮುಂದೆ ಮಾವನದು ಏನೂ ಅಲ್ಲ.

‘ನೀವು ಸರಿ, ಗೊತ್ತಿರೋರು’ ಅಂದರು ಮಾವನಿಗೆ. ‘ಇವ್ರೆಲ್ಲ ಯಾರು? ಹಿಂದೊಂದು ಸಲ ಹೀಗೇ ಫೋಟೋ ತೆಗಿತೀವಿ ಅಂತ ಬಂದ್ರು. ತಿಂಗ್ಳು ಕಳೆಯೋದ್ರೊಳಗೆ ದೇವರ ಮನೆ ತೂಗುದೀಪ ಇಲ್ಲ.’ ನಮ್ಮನ್ನು ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, ತಮ್ಮ ಫೋನಿನಿಂದ ಒಬ್ಬೊಬ್ಬರ ಫೋಟೋ ತೆಗೆದುಕೊಂಡರು. ‘ನಿಮ್ದೂ ಒಂದೊಂದು ನಮ್ಮತ್ರ ಇರ್ಲಿ. ಸ್ವಲ್ಪ ಮುಖ ಎತ್ತಿ.’ ಆಮೇಲೆ ಒಳಗೆ ಬಿಟ್ಟರು.

ನಡುಮನೆಯ ಮುಚ್ಚಿಗೆಯಲ್ಲಿ, ಮಾಡಿನಡಿಯ ಮರದ ಹಾಸಿನಲ್ಲಿ, ಮೂರಾಳು ಎತ್ತರದಲ್ಲಿ, ಒಂದು ಹಲಗೆ. ಹೊಗೆ ಕುಡಿದು ಕಪ್ಪಾಗಿತ್ತು. ಕೆಳಗಿನಿಂದ ಕಾಣುವುದು ಒಂದು ಸುರುಳಿ ಅಷ್ಟೆ. ಮಾವ ಅದನ್ನು ನಲವತ್ತು ವರ್ಷದಿಂದ ನೋಡುತ್ತಿದ್ದರು. ಆ ಮನೆಯ ಬಾಗಿಲು, ಕಂಬ ರಿಪೇರಿ ಮಾಡಿಸಿದ್ದರೂ ಇದಕ್ಕೆ ಏಣಿ ಇಡಲು ಮನೆಯವರು ಒಮ್ಮೆಯೂ ಬಿಟ್ಟಿರಲಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಲೈಟು ಕಟ್ಟಿ, ಮೊದಲು ಐವತ್ತರಲ್ಲಿ ತೆಗೆದೆ. ಬಳ್ಳಿ ಬಂತು. ಆಮೇಲೆ ನೂರರಲ್ಲಿ. ವೈರಿನಲ್ಲಿ ಚಿತ್ರ ನೇರ ಲ್ಯಾಪ್‌ಟಾಪಿಗೆ ಇಳಿಯಿತು.

ಮಾವ ಕನ್ನಡಕ ಹಣೆಗೇರಿಸಿ ಬಗ್ಗಿದರು. ‘ಇಲ್ಲಿ ದೊಡ್ಡದ್ ಮಾಡು. ಇನ್ನೂ. ಇನ್ನೂ ಮಾಡು.’

ಬಳ್ಳಿ ತನ್ನ ಅಡಿಯಿಂದಲೇ ನುಸುಳಿ ಆಚೆ ಎದ್ದಿತ್ತು. ನಡುವೆ ಬೆರಳು ತೂರುವಷ್ಟು ಟೊಳ್ಳು. ಕಪ್ಪಿನೊಳಗೂ ಆ ಟೊಳ್ಳಿನ ಅಂಚು, ಉಳಿ ಹೊಕ್ಕ ದಿಕ್ಕು, ಕ್ಯಾಮೆರಾ ಬಿಡಿಸಿ ಇಟ್ಟಿತ್ತು. ಐವತ್ತರ ಚಿತ್ರದಲ್ಲಿ ಅದೇ ಜಾಗ ಬರೀ ಮಸಿ.

ನಾನು ಯಜಮಾನಿಯವರ ಜೊತೆ ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಮಾವ ನೆಲದ ಮೇಲೆ ಕೂತಿದ್ದರು. ಡೀಲರ್ ಕಡೆಯವರು ಕೊಟ್ಟಿದ್ದ ಕೊಟೇಶನ್ ಹಾಳೆ ಬೋರಲಾಗಿ ತೊಡೆಯ ಮೇಲಿತ್ತು. ಅದರ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಬಳ್ಳಿ ಅರ್ಧ ಮೂಡಿತ್ತು.

‘ಎಂತ ಮಾಡ್ತಿದೀರಿ ಮಾವ?’

‘ನೋಡ್ತಿದ್ದೆ.’

‘ಗೆರೆ ಹಾಕಿ ನೋಡ್ತಿದ್ರಾ?’

ಹಾಳೆ ನಾಲ್ಕು ಮಡಿಕೆಯಾಗಿ ಜೇಬಿಗೆ ಹೋಯಿತು. ಡೀಲರ್ ಕಡೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆ ಎರಡು ದಿನದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನಂಬಿದ ಗಳಿಗೆ ಅಂದರೆ ಅದೊಂದೇ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಮಾವ ಜೇಬಿನ ಹಾಳೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ, ಹೊರಗೆ ನೋಡುತ್ತಾ, ‘ದೊಡ್ಡದೇ ತಗೊ’ ಅಂದರು.

‘ಹಂಗಾದ್ರೆ ನಿಮ್ಮ ನವಿಲಿನ ಮುಚ್ಚಳಾನೂ ಪುಸ್ತಕಕ್ಕೆ ತೆಗಿಲಾ?’

‘ಅದು ಬೇರೆ ಮಾತು.’

‘ಬೇರೆ ಹೆಂಗೆ ಮಾವ? ಯಂತ್ರ ನೋಡಿ ಕೊರೆದ್ರೆ ಕಳವು, ನೀವು ನೋಡಿ ಕೆತ್ತಿದ್ರೆ?’

‘ನಂಗೆ ಮೂರು ತಿಂಗ್ಳು ಹಿಡೀತದೆ ಮಾರಾಯ್ತಿ’ ಅಂದರು.

ನೂರರದನ್ನೇ ಕೊಂಡೆ. ಮಾವ ಮನೆಮನೆಗೂ ಜೊತೆಗೆ ಬಂದರು, ನಿಟ್ಟೂರಿನ ಆಚೆಯವರೆಗೂ. ಮುಚ್ಚಳ ಮಾತ್ರ ಪುಸ್ತಕಕ್ಕೆ ಬರಲಿಲ್ಲ. ಮೊದಲ ದಿನ ತೆಗೆದ ಎರಡು ಚಿತ್ರಗಳನ್ನು ಕಾರ್ಡುಗಳ ಸಮೇತ ಅವರಿಗೇ ಕೊಟ್ಟುಬಿಟ್ಟೆ.

ಆ ಬಳ್ಳಿಯನ್ನು ಅವರು ಶಿವನೆ ಮರದ ಹಲಗೆಯಲ್ಲಿ ಕೆತ್ತಿದರು. ಹೇಳಿದ ಹಾಗೆ ಮೂರು ತಿಂಗಳು ಹಿಡಿಯಿತು. ಕೊಳ್ಳಲು ಒಬ್ಬರು ಮುಂದೆ ಬಂದರೂ ಕೊಡದೆ, ಒಂದು ಬೆಳಿಗ್ಗೆ ಹಲಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದರು. ನಿಮ್ಮ ಮನೆ ಬಳ್ಳಿ ಇದು, ನಾನು ಮಾಡಿ ಮಾರಬಹುದಾ ಅಂತ ಆ ಟೀಚರನ್ನು ಕೇಳಿದರಂತೆ. ಅವರು ಹಲಗೆಯನ್ನು ನಡುಮನೆಗೆ ಒಯ್ದು, ಮೇಲೆ ನೋಡಿ, ಕೆಳಗೆ ನೋಡಿ, ‘ಚೆನ್ನಾಗಿ ಬಂದಿದೆ’ ಅಂದು, ಅದನ್ನು ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಕಾಫಿ ಬಂತು, ಅವಲಕ್ಕಿ ಬಂತು. ಹಲಗೆ ಬರಲಿಲ್ಲ. ಮಾವ ಬಸ್ಸಿನ ಹೊತ್ತಿನವರೆಗೆ ಜಗಲಿಯಲ್ಲಿ ಕೂತಿದ್ದು, ಸಂಜೆ ಬರಿಗೈಯಲ್ಲಿ ಸಾಗರಕ್ಕೆ ಬಂದಿಳಿದರು.