ಶೇಡಬಾಳದ ಮಂಗಲಾ ಓದಿದ ದೀಪಸ್ತಂಭದ ಕಥೆ

ಮಂಗಲಾ ಅಥಣಿ ಕಡೆಯ ಹೆಣ್ಣು. ಶೇಡಬಾಳದ ಬಾಪುಸಾಹೇಬ ಚೌಗಲೆಯ ಹೆಂಡತಿಯಾಗಿ ಬಂದ ಹೊಸತರಲ್ಲಿ ಓಣಿಯ ಹೆಂಗಸರು ಅವಳಿಗೆ ಹೇಳಿದ ಮೊದಲ ಮಾತು, "ನಿನ್ನ ಗಂಡ ಛಲೋ ಮನಶ್ಯಾ ಅದಾನವ್ವ, ಆದ್ರ ಪುಸ್ತಕದ ಹುಚ್ಚ ಐತಿ" ಎಂಬುದು. ಆ ಹುಚ್ಚೂ ಒಬ್ಬನೇ ಲೇಖಕನದು. ಪರದೇಶದವನು, ತೀರಿಕೊಂಡು ಬಹಳ ಕಾಲವಾದವನು. ಮಾತಾಡುವ ಯಂತ್ರಗಳು, ದೂರದ ಗ್ರಹಗಳು, ಇನ್ನೂ ಹುಟ್ಟದ ಕಾಲದ ಮನುಷ್ಯರು ಅವನ ಕಥೆಗಳಲ್ಲಿ ಬರುತ್ತಿದ್ದರು. ಬಾಪುಸಾಹೇಬ ಮಿರಜಿನ ಕಾಲೇಜಿಗೆ ಹೋಗುತ್ತಿದ್ದಾಗ ಸ್ಟೇಶನ್ ಎದುರಿನ ಹಳೆಯ ಪುಸ್ತಕದ ಗಾಡಿಯಲ್ಲಿ ಆ ಕಥೆಗಳ ಮರಾಠಿ ಅನುವಾದಗಳನ್ನು ಒಂದೊಂದಾಗಿ ಕೊಂಡಿದ್ದ. ಮನೆಯಲ್ಲಿ ಲೇಖಕನ ಹೆಸರು ಯಾರೂ ಹೇಳುತ್ತಿರಲಿಲ್ಲ. 'ಮಾಸ್ತರ' ಅಂದರೆ ಅವನೇ.

ಭಾನುವಾರ ದಿಗ್ಗೇವಾಡಿಯಿಂದ ಲಗಮಣ್ಣ ಬರುತ್ತಿದ್ದ. ಕಬ್ಬಿನ ರೈತ, ಬಾಪುಸಾಹೇಬನ ಕಾಲೇಜು ಗೆಳೆಯ. ಕುಡಚಿಯಲ್ಲಿ ರೈಲು ಹತ್ತಿ ಶೇಡಬಾಳಕ್ಕೆ ಬಂದರೆ ಇಬ್ಬರೂ ಪಡಸಾಲೆಯಲ್ಲಿ ಕೂತು ಮಾಸ್ತರನ ಒಂದು ಕಥೆ ಹಿಡಿದು ಊಟದ ಹೊತ್ತಿನವರೆಗೆ ಜಗ್ಗಾಡುವರು. ಯಂತ್ರ ತನಗೆ ನೋವಾಯಿತು ಅಂದರೆ ನಂಬಬೇಕೋ ಬೇಡವೋ? ಒಬ್ಬನ ನೆನಪುಗಳನ್ನೆಲ್ಲ ಇನ್ನೊಂದು ದೇಹಕ್ಕೆ ತುಂಬಿದರೆ ಹೊಲದ ಉತಾರದ ಕಾಗದದಲ್ಲಿ ಯಾರ ಹೆಸರು ಹಚ್ಚಬೇಕು? ಮಂಗಲಾ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು. ಹೊಟ್ಟೆ ತುಂಬಿದವರ ಮಾತು ಎಂದು ಅವಳ ಅನಿಸಿಕೆ. ಅವಳಿಗೆ ಮಗಳು ರೂಪಾಲಿಯ ಶಾಲೆ, ಅತ್ತೆಯ ಔಷಧ, ಬಸದಿಯ ಪೂಜೆ, ದ್ರಾಕ್ಷಿ ತೋಟದ ಆಳುಗಳ ರೊಟ್ಟಿ ಇಷ್ಟೂ ಇದ್ದವು.

ರೂಪಾಲಿ ಮದುವೆಯಾಗಿ ನಿಪ್ಪಾಣಿಗೆ ಹೋದ ಮೇಲೆ ಬಾಪುಸಾಹೇಬನ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಅಂಗೈ, ಆಮೇಲೆ ನಡಿಗೆಯೂ ತಡವರಿಸಿತು. ಡಾಕ್ಟರು ಪಾರ್ಕಿನ್ಸನ್ ಅಂದರು. ಗುಳಿಗೆ ನುಂಗಿದರೆ ಕೆಲಹೊತ್ತು ಸರಿಯಿರುತ್ತಿತ್ತು, ಅದರ ಜೋರು ಇಳಿದಂತೆ ಮೈ ಕಟ್ಟಿಗೆಯಾಗುತ್ತಿತ್ತು. ತೋಟದ ಕೆಲಸ ಮಂಗಲಳ ಮೇಲೆ ಬಿತ್ತು. ಯಾವ ಬಳ್ಳಿಯನ್ನು ಎಲ್ಲಿ ಕತ್ತರಿಸಬೇಕು, ಮೋಡ ಕವಿದರೆ ಏನು ಸಿಂಪಡಿಸಬೇಕು ಎಂಬುದನ್ನು ಅವಳು ಕೇಳಿ ಕೇಳಿ ಕಲಿತಳು.

ಒಂದು ಮಧ್ಯಾಹ್ನ ತೋಟದಿಂದ ಬಂದಾಗ ಗಂಡ ಪುಸ್ತಕವನ್ನು ಎರಡೂ ಕೈಯಿಂದ ತೊಡೆಗೆ ಒತ್ತಿ ಹಿಡಿದು ಕೂತಿದ್ದ. ಆದರೂ ಅಕ್ಷರ ನಿಲ್ಲುತ್ತಿರಲಿಲ್ಲ. ಮಂಗಲಾ ಪುಸ್ತಕ ತೆಗೆದುಕೊಂಡು ಎದುರಿಗೆ ಕೂತು ಓದಿದಳು. ಮರಾಠಿ ಅವಳಿಗೆ ಸಂತೆಯಲ್ಲಿ, ಬೀಗರ ಮನೆಯಲ್ಲಿ ಆಡುವ ಮಾತು. ಪುಸ್ತಕದ ಮರಾಠಿ ನಾಲಿಗೆಗೆ ತೊಡರಿತು. ಅವನು ತಿದ್ದಿದ. ಅವಳು ಮತ್ತೆ ಓದಿದಳು. ಅಂದಿನಿಂದ ದಿನವೂ ಓದು ನಡೆಯಿತು. ಕೆಲವೇ ತಿಂಗಳಲ್ಲಿ, ಭಾನುವಾರ ಲಗಮಣ್ಣ ಬಂದಾಗ ಚಹಾ ಕೊಟ್ಟವಳು ಒಳಗೆ ಹೋಗದೆ ಅಲ್ಲೇ ಕೂರತೊಡಗಿದಳು.

ಗುಳಿಗೆ ಮೊದಲಿನಂತೆ ಹತ್ತದಾದಾಗ ರೂಪಾಲಿ ಅಪ್ಪನನ್ನು ಪುಣೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಒಂದು ಆಪರೇಶನ್ ಹೇಳಿದರು. ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಮಿದುಳಿಗೆ ತಂತಿ ಇಳಿಸುವುದು, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುವುದು. ಅದರ ಸಣ್ಣ ವಿದ್ಯುತ್ತು ನಡುಕವನ್ನು ತಡೆಯುತ್ತದೆ. ಏನನ್ನೂ ಮುಚ್ಚಿಡದೆ ಇನ್ನೊಂದು ಮಾತೂ ಹೇಳಿದರು: ಕೆಲವರಲ್ಲಿ ಸ್ವಭಾವ ಸ್ವಲ್ಪ ಬದಲಾಗುವುದುಂಟು, ಹಾಗಾದರೆ ವಿದ್ಯುತ್ತು ಹೆಚ್ಚುಕಡಿಮೆ ಮಾಡಿ ಸರಿಪಡಿಸಲು ನೋಡುತ್ತೇವೆ.

ಬಾಪುಸಾಹೇಬ ಆ ಒಂದು ಮಾತು ಹಿಡಿದು ಒಲ್ಲೆ ಅಂದ.

"ನಾ ಮಾಸ್ತರನ ದೀಪಸ್ತಂಭದ ಕಥಿ ಓದೀನಿ" ಅಂದ ಮನೆಗೆ ಬಂದ ಮೇಲೆ. "ಹಂತಾ ಗತಿ ನನಗ ಬ್ಯಾಡ."

ಆ ಕಥೆಯನ್ನು ಅವನು ಹೇಳುತ್ತಿದ್ದುದು ಹೀಗೆ. ಸಮುದ್ರದ ನಡುವೆ ದೀಪಸ್ತಂಭ ಕಾಯುವ ಒಬ್ಬನಿದ್ದ. ಸದಾ ದುಃಖದವನು. ಒಬ್ಬ ವಿಜ್ಞಾನಿ ಅವನ ಕಿವಿಯ ಹಿಂದೆ ಕಾಳಿನಷ್ಟು ಚಿಕ್ಕ ಯಂತ್ರ ಕೂರಿಸಿದ. ದುಃಖ ಹೋಯಿತು. ಅವನು ಹಾಡುತ್ತ ದೀಪ ಹಚ್ಚತೊಡಗಿದ. ಒಂದು ದಿನ ಈ ಸುಖ ನನ್ನದೋ ಯಂತ್ರದ್ದೋ ಎಂಬ ಪ್ರಶ್ನೆ ಎದ್ದಿತು. ತನ್ನ ಕೈಯಿಂದಲೇ ಯಂತ್ರ ಕಿತ್ತು ಸಮುದ್ರಕ್ಕೆ ಎಸೆದ.

ಭಾನುವಾರ ಲಗಮಣ್ಣನಿಗೆ ವಿಷಯ ತಿಳಿಯಿತು. "ಬಾಪು, ನನ್ನ ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿ ಕಟ್ಟಿಸೀನಿ, ಗಾಲಿ ಬದ್ಲಿ ಮಾಡೀನಿ. ಟ್ರ್ಯಾಕ್ಟರ್ ನಂದ ಐತಲ್ಲೋ" ಅಂದ.

"ಟ್ರ್ಯಾಕ್ಟರಿಗೆ ತಾನು ಯಾರಂತ ಚಿಂತಿ ಇಲ್ಲಲೇ. ನನಗೈತಿ."

ಮಂಗಲಾ ನಡುವೆ ಬಾಯಿ ಹಾಕಿದಳು. "ಆತ್ಮಕ್ಕ ತಂತಿ ಮುಟ್ಟಂಗಿಲ್ರಿ. ಬಸದ್ಯಾಗ ಮುನಿ ಮಹಾರಾಜರು ಹೇಳಿದ್ದು ಕೇಳಿಲ್ಲೇನು? ದೇಹ ಬ್ಯಾರೆ, ಜೀವ ಬ್ಯಾರೆ."

"ಆತ್ಮದ ಚಿಂತಿ ನನಗಿಲ್ಲ ಮಂಗಲ. ಅದು ತನ್ನ ದಾರಿ ತಾ ನೋಡ್ಕೋತೈತಿ. ಮುಂಜಾನೆದ್ದು ಎಲ್ಲಾರ ಮ್ಯಾಲೆ ಸಿಟ್ಟ ಮಾಡೋ ಬಾಪುಸಾಹೇಬನ ಚಿಂತಿ ನನಗ. ಅಂವ ಹ್ವಾದ್ರ ನಾ ಎಲ್ಲಿರ್ತೇನಿ?"

ಗಂಡನ ಅಂಜಿಕೆ ಸುಳ್ಳಲ್ಲವೆಂದು ಮಂಗಲಳಿಗೆ ಗೊತ್ತಿತ್ತು. ಆದರೆ ಊಟಕ್ಕೆ ಕೂತವನ ತುತ್ತು ಬಾಯಿಗೆ ಮುಟ್ಟುವ ಮೊದಲೇ ಚೆಲ್ಲುವುದನ್ನು ನೋಡುವವಳೂ ಅವಳೇ.

ಮರುದಿನ ಅವಳು ಕಪಾಟಿನಲ್ಲಿ ಹುಡುಕಿ ಆ ಕಥೆಯಿದ್ದ ಪುಸ್ತಕ ತೆಗೆದಳು. ತೋಟದ ಶೆಡ್ಡಿನಲ್ಲಿ, ಆಳುಗಳು ಊಟಕ್ಕೆ ಕೂತ ಹೊತ್ತಿನಲ್ಲಿ ಒಬ್ಬಳೇ ಓದಿದಳು. ಕೊನೆಗೆ ಬಂದವಳು ತಿರುಗಿ ಮೊದಲಿನಿಂದ ಓದಿದಳು. ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಗಂಡನ ಎದುರು ಕೂತು ಕೊನೆಯ ಪುಟ ಗಟ್ಟಿಯಾಗಿ ಓದಿದಳು. ಅದರಲ್ಲಿ ಯಂತ್ರ ಕಿತ್ತು ಎಸೆದದ್ದು ದೀಪ ಕಾಯುವವನಲ್ಲ. ಅವನ ಹೆಂಡತಿ. ಹಳೆಯ ಗಂಡ ಬೇಕೆಂದು, ಅವನು ಮಲಗಿದ್ದಾಗ ತೆಗೆದು ಎಸೆದಿದ್ದಳು.

ಬಾಪುಸಾಹೇಬ ಪುಸ್ತಕ ಇಸಿದುಕೊಂಡು ನೋಡಿದ. ಅಕ್ಷರ ಕುಣಿದವು. "ಇನ್ನೊಮ್ಮೆ ಓದು" ಅಂದ. ಅವಳು ಓದಿದಳು.

"ನಾ ಇಷ್ಟು ವರ್ಷ ತಪ್ಪ ನೆನಪಿಟ್ಟಿದ್ನೇನು?"

"ಹೌದ್ರಿ. ನಿಮ್ಮ ತಲ್ಯಾಗ ಯಾವ ತಂತಿನೂ ಇರ್ಲಿಲ್ಲ. ತಾನ ಬದಲಾಗೇತಿ. ಹಂಗಂತ ನೀವು ಬ್ಯಾರೆ ಮನಶ್ಯಾ ಆದ್ರೇನು?"

ಅವಳು ಪುಸ್ತಕ ಮುಚ್ಚಿ ಮತ್ತೆ ಹೇಳಿದಳು, "ಆ ಯಂತ್ರ ಛಲೋದೋ ಕೆಟ್ಟದ್ದೋ ನನಗ ಗೊತ್ತಿಲ್ಲ. ಹಾಕುವಾಗ ಆ ಮನಶ್ಯಾಗ ವಿಜ್ಞಾನಿ ಕೇಳ್ಲಿಲ್ಲ, ತಗ್ಯುವಾಗ ಹೆಂಡತಿ ಕೇಳ್ಲಿಲ್ಲ. ಅದರ ಸಲುವಾಗಿ ನನಗ ಸಂಕಟ ಆತು. ನಾ ಹಂಗ ಮಾಡಂಗಿಲ್ರಿ. ನೀವು ಬದಲಾದ್ರ ನಿಮ್ಮ ಮುಂದನ ಹೇಳ್ತೇನಿ. ಇಟ್ಕೊಳ್ಳೂದು ಬಿಡೂದು ನಿಮ್ಮ ಕೈಯಾಗ."

ವಾರ ಕಳೆದ ಮೇಲೆ ಬಾಪುಸಾಹೇಬ ತಾನೇ ರೂಪಾಲಿಗೆ ಫೋನು ಹಚ್ಚಿಸಿಕೊಂಡು, ಆಪರೇಶನ್ನಿನ ದಿನಾಂಕ ಕೇಳು ಅಂದ.

ಆ ಆಪರೇಶನ್‌ನಲ್ಲಿ ರೋಗಿ ಎಚ್ಚರವಿರಬೇಕು, ಮಾತಾಡುತ್ತಿರಬೇಕು. ತಂತಿ ಸರಿಯಾದ ಜಾಗಕ್ಕೆ ಮುಟ್ಟಿತೋ ಇಲ್ಲವೋ ಅದರಿಂದಲೇ ತಿಳಿಯುವುದು. ಮಂಗಲಾ, ರೂಪಾಲಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮಂಗಲಾ ಣಮೋಕಾರ ಮಂತ್ರ ಹೇಳುತ್ತಲೇ ಇದ್ದಳು. ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದಾಗ ಅವರ ಮುಖದಲ್ಲಿ ನಗೆಯಿತ್ತು. ನಾನು ತಿಂಗಳುಗಳ ಹೆಸರು ಹೇಳಿ ಅಂದರೆ ನಿಮ್ಮವರು ಯಾವುದೋ ದೀಪಸ್ತಂಭದ ಕಥೆ ಶುರು ಮಾಡಿದರು, ಮುಗಿಸಿ ಅದರಲ್ಲಿ ತಪ್ಪು ಯಾರದೆಂದು ನನ್ನನ್ನೇ ಕೇಳಿದರು, ನಾನು ಹೇಳಿದ ಉತ್ತರ ಅವರಿಗೆ ಒಪ್ಪಿಗೆಯಾಗಲಿಲ್ಲ ಅಂದರು. ರೂಪಾಲಿ ಅವ್ವನ ಹೆಗಲಿಗೆ ತಲೆ ಹಚ್ಚಿ ಅತ್ತಳು.

ಗಾಯ ಮಾಯ್ದ ಮೇಲೆ ಯಂತ್ರ ಚಾಲೂ ಮಾಡಿದರು. ಎಲ್ಲರ ಕಣ್ಣೆದುರಿಗೇ ಕೈ ನಿಂತಿತು. ಬಾಪುಸಾಹೇಬ ಊರಿಗೆ ಬಂದು ತಾನೇ ಅಂಗಿಯ ಗುಂಡಿ ಹಾಕಿಕೊಂಡ, ತೋಟದ ತುದಿಯವರೆಗೆ ನಡೆದ.

ಆದರೆ ಡಾಕ್ಟರಮ್ಮ ಹೇಳಿದ್ದ ಇನ್ನೊಂದು ಮಾತೂ ನಿಜವಾಯಿತು. ಅವನು ನಗತೊಡಗಿದ. ರೊಟ್ಟಿ ಸೀದರೂ ಚೆನ್ನಾಗಿದೆ ಅಂದ. ಸಂತೆಯಿಂದ ಮಲ್ಲಿಗೆ ದಂಡೆ ತಂದು ಹೆಂಡತಿಯ ಮುಡಿಗೆ ತಾನೇ ಮುಡಿಸಿ, "ನೀ ಇಲ್ಲಂದ್ರ ನಾ ಎಂದೋ ಮಣ್ಣಾಗಿದ್ನಿ" ಅಂದ. ಮದುವೆಯಾದಂದಿನಿಂದ ಮಂಗಲಾ ಇಂಥ ಮಾತು ಕೇಳಿರಲಿಲ್ಲ. ಒಳಗೆ ಹೋಗಿ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು.

ಅದೇ ವಾರ ಪಕ್ಕದ ಮನೆಯ ಶ್ರೀಪಾಲನ ತಾಯಿ ತೀರಿಕೊಂಡರು. ಮಾತಾಡಿಸಲು ಹೋದಾಗ ಬಾಪುಸಾಹೇಬ ಯಾವುದೋ ಹಳೆಯ ಸಂಗತಿ ನೆನೆದು ನಕ್ಕ. ನಗು ನಿಲ್ಲಲಿಲ್ಲ. ಶ್ರೀಪಾಲ ನೆಲ ನೋಡುತ್ತ ಕೂತ. ಮಂಗಲಾ ಗಂಡನ ರಟ್ಟೆ ಹಿಡಿದು ಮನೆಗೆ ಕರೆತಂದಳು.

ಅಂದೇ ಹೇಳಬೇಕಿತ್ತು. ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ನಡುಕ ತಿರುಗಿ ಬಂದೀತೆಂಬ ಅಂಜಿಕೆ ಒಂದು ಕಡೆ. ಹೂ ತರುವ ಈ ಗಂಡನೂ ಬೇಕು ಎಂಬ ಆಸೆ ಇನ್ನೊಂದು ಕಡೆ. ಎರಡು ಮೂರು ದಿನ ತೋಟದಲ್ಲೇ ಹೊತ್ತು ಕಳೆದಳು. ಆಮೇಲೆ ಒಂದು ಮುಂಜಾನೆ ಚಹಾ ಕೊಟ್ಟು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಹೂವಿನ ಮಾತನ್ನೂ ಬಿಡಲಿಲ್ಲ.

ಬಾಪುಸಾಹೇಬ ಮೊದಲು ನಕ್ಕ. ಅವಳು ನಗಲಿಲ್ಲ. ಅವನ ನಗು ನಿಂತಿತು.

"ನಿನಗ ಯಾಂವ ಬೇಕು ಹೇಳು, ಆಗಿನಾಂವನೋ ಈಗಿನಾಂವನೋ?"

"ನನ್ನ ಕೇಳಬ್ಯಾಡ್ರಿ. ನಾನ ನಿಮ್ಮನ್ನ ಕೇಳಾಕ ಬಂದೇನಿ."

"ಈಗ ನನಗ ಭಾಳ ಛಲೋ ಅನಸ್ತೈತಿ. ಆದ್ರ ಛಲೋ ಐತಿ ಅಂತ ಹೇಳಾಂವ ಯಾರು, ನಾನೋ ಯಂತ್ರನೋ? ಅವನ ಮಾತು ನಂಬಬೇಕೋ ಬ್ಯಾಡೋ ತಿಳಿಯವಲ್ದು" ಅಂದ. ಮತ್ತೆ ಹೇಳಿದ, "ಶ್ರೀಪಾಲನ ಮನ್ಯಾಗ ನಕ್ಕಿದ್ದು ನೆನಪೈತಿ. ನೆನದ್ರ ನಾಚಿಕಿ ಬರಬೇಕಾಗಿತ್ತು. ಬರವಲ್ದು. ಅಷ್ಟ ಸಾಕು ಮಂಗಲ. ಪುಣೆಕ ಹೋಗೂಣು."

ಪುಣೆಯಲ್ಲಿ ಡಾಕ್ಟರಮ್ಮ ಯಂತ್ರದ ಜೋರು ಸ್ವಲ್ಪ ಸ್ವಲ್ಪವೇ ಇಳಿಸಿ, ಕೈ ನೋಡಿ, ಮಾತಾಡಿಸಿ, ಮತ್ತೆ ಇಳಿಸಿ, ಕೆಲದಿನ ಅಲ್ಲಿಯೇ ಇರಿಸಿಕೊಂಡರು. ಬೆರಳ ತುದಿಯಲ್ಲಿ ಸಣ್ಣ ನಡುಕ ಉಳಿಯಿತು. ಅದಕ್ಕಿಂತ ಹೆಚ್ಚಲಿಲ್ಲ. ಒಂದು ಮುಂಜಾನೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬಾಪುಸಾಹೇಬ ಕಪ್ಪು ಕೆಳಗಿಟ್ಟು, "ಇದಕ್ಕ ಚಹಾ ಅಂತಾರೇನು? ಬಿಸಿನೀರಿಗೆ ಸಕ್ಕರಿ ಹಾಕಿ ಕೊಟ್ಟಾರ" ಎಂದು ಹುಬ್ಬು ಗಂಟಿಕ್ಕಿದ. ಮಂಗಲಾ ತನ್ನ ಚಹಾವನ್ನು ಪೂರಾ ಕುಡಿದಳು. ಅಷ್ಟು ರುಚಿಯಾದ ಚಹಾ ಅವಳು ಪುಣೆಯಲ್ಲಿ ಕುಡಿದಿರಲಿಲ್ಲ.

ಊರಿಗೆ ಹೊರಟ ರೈಲಿನಲ್ಲಿ ಮಿರಜು ಬರುವ ತನಕ ಅವನು ಕಿಟಕಿಯಿಂದಾಚೆ ನೋಡುತ್ತ ಕೂತಿದ್ದ. ಆಮೇಲೆ ತಲೆ ತಗ್ಗಿಸಿ, "ಮನಿಗೆ ಹ್ವಾದ ಕೂಡ್ಲೆ ಶ್ರೀಪಾಲನ ಹಂತ್ಯಾಕ ಹೋಗಬೇಕು. ಭಾಳ ಕೆಟ್ಟ ಅನಸಾಕತ್ತೈತಿ" ಅಂದ.

ಮಂಗಲಳ ಎದೆಯ ಮೇಲಿನ ಕಲ್ಲು ಆಗ ಇಳಿಯಿತು. "ನಾನೂ ಬರ್ತೇನ್ರಿ" ಅಂದಳು.

"ಇನ್ನೊಂದು ಐತಿ" ಅಂದ, ಅವಳ ಮುಖ ನೋಡದೆ. "ಹೂ ತಂದ ದಿನ ನಾ ಅಂದದ್ದು ಸುಳ್ಳಲ್ಲ. ಮಾತು ನಂದ. ಹೇಳೂ ಧೈರ್ಯ ಅಷ್ಟ ಯಂತ್ರದ್ದು."

ಮಂಗಲಾ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಸೀಟಿಗೆ ಒರಗಿದಳು. ಎಷ್ಟೋ ತಿಂಗಳಿನಿಂದ ಸರಿಯಾಗಿ ಹತ್ತದ ನಿದ್ದೆ ಅವಳಿಗೆ ಒಮ್ಮೆಲೇ ಬಂತು. ಗಾಡಿ ನಿಂತದ್ದೂ ತಿಳಿಯಲಿಲ್ಲ. ಬಾಪುಸಾಹೇಬ ಅವಳ ಭುಜ ಅಲ್ಲಾಡಿಸುತ್ತಿದ್ದ.

"ಏಳ, ಶೇಡಬಾಳ ಬಂತು. ಹಿಂಗ ಮಲಗಿದ್ರ ಮುಂದಿನ ಉಗಾರದಾಗ ಇಳಿಬೇಕಾಗ್ತೈತಿ."

ಅವನು ಎರಡೂ ಕೈಯಲ್ಲಿ ಚೀಲ ಹಿಡಿದು ಮುಂದೆ ನಡೆದ. ಮಂಗಲಾ ಕಣ್ಣು ಉಜ್ಜಿಕೊಳ್ಳುತ್ತ ಅವನ ಹಿಂದೆ ಇಳಿದಳು.